ಗೋಡೆಗೆ ಮುಖ ಮಾಡಿ ನಿಂತ ಆಪಾ

ಆಪಾ ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದಲ್ಲಿ ನುಣುಪಾದ ಚರ್ಮ, ನಡುವೆ ಸಾಸಿವೆ ಕಾಳಿನಷ್ಟು ಗುಳಿ. ಕಂಪ್ಯೂಟರಿನ ಕೆಲಸಕ್ಕೆ ಬರುವ ಮುಂಚೆ ಅವರು ಹೊಲಿಗೆ ಮಾಡುತ್ತಿದ್ದರು. ಒಂದು ದಿನ ಯಂತ್ರದ ಸೂಜಿ ಆ ಬೆರಳನ್ನು ಹಾಯ್ದು ಹೋಗಿತ್ತಂತೆ. ಕೀಬೋರ್ಡಿನ ಮೇಲೆ ಅವರ ಕೈ ಓಡುವಾಗ ಬೇರೆ ಬೆರಳುಗಳ ಉಗುರು ತಗುಲಿ ಟಕಟಕ ಸದ್ದು ಬರುತ್ತಿತ್ತು, ಆ ಒಂದು ಬೆರಳಿನದು ಮಾತ್ರ ಬರುತ್ತಿರಲಿಲ್ಲ. ಹೀಗಾಗಿ ಅವರ ಟೈಪಿಂಗಿನಲ್ಲಿ ಅಲ್ಲಲ್ಲಿ ಒಂದು ಪೆಟ್ಟು ತಪ್ಪಿದಂತೆ ಕೇಳಿಸುತ್ತಿತ್ತು. ಕಣ್ಣು ಮುಚ್ಚಿ ಕೂತರೂ ಕುರ್ಚಿಯಲ್ಲಿರುವವರು ಆಪಾ ಎಂದು ನಾನು ಹೇಳುತ್ತಿದ್ದೆ.

ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಗಳ ಸಾಲಿನಲ್ಲಿ, ಔಷಧದಂಗಡಿಯೊಂದರ ಮೇಲೆ, ನಮ್ಮ ರಕ್ತಪರೀಕ್ಷೆಯ ಲ್ಯಾಬ್ ಇತ್ತು. ಅಲ್ಲಿ ಮಾಲೀಕರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ. ನಲವತ್ತೈದರ ಆಸುಪಾಸು. ಬೂದು ಬಣ್ಣದ ಬುರ್ಖಾ, ಒಂದು ಕೈಚೀಲ, ಅದರೊಳಗೆ ಊಟದ ಡಬ್ಬಿ ಮತ್ತು ರಟ್ಟಿನ ಹೊದಿಕೆಯ ಒಂದು ನೋಟ್‌ಬುಕ್. ದರ್ಗಾದ ಕಡೆಯ ಓಣಿಯಲ್ಲಿ, ತೀರಿಕೊಂಡ ಅಕ್ಕನ ಮಗಳನ್ನು ಸಾಕಿಕೊಂಡು ಇದ್ದರು. ಮನೆಮಾತು ದಖನಿ ಉರ್ದು. ನಮ್ಮ ಜೊತೆ ಕನ್ನಡವನ್ನು ನಮಗಿಂತ ಬಿಡಿಬಿಡಿಯಾಗಿ, ಒಂದೊಂದೇ ಮಾತನ್ನು ತೂಗಿ ಆಡುತ್ತಿದ್ದರು. ನಾನೋ ಬಾಯಿಬಡಕಿ. ನನ್ನನ್ನು ಅವರು ಎಂದೂ ಹೆಸರು ಹಿಡಿದು ಕರೆಯಲಿಲ್ಲ, "ಕಮಲಾಪುರದಾಕಿ" ಎನ್ನುತ್ತಿದ್ದರು. "ಕಮಲಾಪುರದಾಕಿ ಬಂದ್ಳು, ಇನ್ನ ಫ್ಯಾನ್ ಬಂದ್ ಮಾಡ್ರಿ, ಆಕಿ ಮಾತಿಗೇ ಗಾಳಿ ಬರ್ತದ" ಎಂದು ನಕ್ಕು, ಮತ್ತೆ ಪರದೆಯ ಕಡೆ ತಿರುಗುತ್ತಿದ್ದರು.

ಅವರು ಆ ಲ್ಯಾಬಿಗೆ ಸೇರಿದ್ದೇ ಕಳೆದುಹೋದ ಒಂದು ಪಾಸ್‌ವರ್ಡಿನಿಂದ. ಮೊದಲು ಅಲ್ಲಿ ಲಿನಕ್ಸ್ ಕಂಪ್ಯೂಟರನ್ನು ಕೂರಿಸಿ ಹೋದವನು ಅದರ ಯಜಮಾನ ಪಾಸ್‌ವರ್ಡನ್ನು ಯಾರಿಗೂ ಹೇಳದೆ ಊರು ಬಿಟ್ಟಿದ್ದ. ಎಲ್ಲ ರೋಗಿಗಳ ರಿಪೋರ್ಟುಗಳೂ ಅದರೊಳಗೆ ಸಿಕ್ಕಿಕೊಂಡಿದ್ದವು. ಯಾರೋ ಹೇಳಿ ಕಳಿಸಿ ಆಪಾ ಬಂದರು. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರು, ಅದು ಇನ್ನೂ ಏಳುತ್ತಿರುವಾಗಲೇ ನಡುವೆ ತಡೆದು ಒಂದು ಸಾಲು ಸೇರಿಸಿದರು, ಯಾವ ಪಾಸ್‌ವರ್ಡೂ ಕೇಳದೆ ಅದು ಅವರನ್ನು ಒಳಗೆ ಬಿಟ್ಟಿತು. ಹೊಸ ಪಾಸ್‌ವರ್ಡ್ ಇಟ್ಟು ಕೈ ಝಾಡಿಸಿ ಎದ್ದರಂತೆ. ಇದು ಹೇಗೆ ಎಂದು ನಾನು ಆಮೇಲೆ ಒಮ್ಮೆ ಕೇಳಿದಾಗ ಹೇಳಿದ್ದು ಈಗಲೂ ನೆನಪಿದೆ. "ಅರ್ಧ ನಿದ್ದಿಯಾಗ ಹಿಡೀಬೇಕು. ಪೂರ್ತಿ ಎಚ್ಚರಾದ್ರ ಅದು ಗುರ್ತು ಕೇಳ್ತದ."

ಒಮ್ಮೆ ಮಾಲೀಕರೇ ತಮ್ಮ ಪಾಸ್‌ವರ್ಡ್ ಮರೆತು ಬಂದು, ತಮ್ಮ ಹಳೆಯದು ಏನಿತ್ತು ನೋಡಿ ಹೇಳಿರಿ ಎಂದರು. ತಮಗೆ ಗೊತ್ತಿಲ್ಲ ಎಂದರು ಆಪಾ. ಕಂಪ್ಯೂಟರ್ ನಿಮ್ಮ ಕೈಯಲ್ಲೇ ಇರುವಾಗ ಗೊತ್ತಿಲ್ಲ ಎಂದರೆ ಹೇಗೆ ಎಂದು ಅವರು ನಕ್ಕರು. ಆಪಾ ನಗಲಿಲ್ಲ. ಕಂಪ್ಯೂಟರ್ ಪಾಸ್‌ವರ್ಡನ್ನು ಇದ್ದ ಹಾಗೆ ಇಟ್ಟುಕೊಳ್ಳುವುದಿಲ್ಲ, ಅರೆದು ಗುರುತು ಸಿಗದ ಹಾಗೆ ಮಾಡಿ ಇಡುತ್ತದೆ, ಅದನ್ನು ಹಿಂದಕ್ಕೆ ತಿರುಗಿಸಲು ಬರುವುದಿಲ್ಲ ಎಂದು ಬಿಡಿಸಿ ಹೇಳಿದರು. "ಹಳೇದು ಯಾರಿಗೂ ಸಿಗಂಗಿಲ್ರಿ. ಹೊಸಾದು ಇಡಬಹುದು, ಅಷ್ಟ." ಮಾಲೀಕರು ನಂಬಲಿಲ್ಲ. ಎಲ್ಲರ ಗುಟ್ಟೂ ಈ ಹೆಂಗಸಿನ ಹತ್ತಿರ ಇದೆ ಎಂಬ ಅನುಮಾನ ಅವರ ಮುಖದಲ್ಲಿ ಆವತ್ತೇ ಕೂತಿತು.

ಆದರೆ ಆಪಾ ಮಾಡುತ್ತಿದ್ದುದನ್ನು ನೋಡಿದವರಿಗೆ ಆ ಅನುಮಾನ ಬರುವಂತಿರಲಿಲ್ಲ. ಯಾರಾದರೂ ಅವರ ಮುಂದೆ ಪಾಸ್‌ವರ್ಡ್ ಒತ್ತಬೇಕಾದಾಗ ಅವರು ಕುರ್ಚಿ ಬಿಟ್ಟು ಎದ್ದು, ಪೂರ್ತಿ ತಿರುಗಿ, ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಸುಮ್ಮನೆ ಬೇರೆ ಕಡೆ ಕಣ್ಣು ಹಾಯಿಸುವುದಲ್ಲ, ಶಿಕ್ಷೆಗೆ ನಿಲ್ಲಿಸಿದ ಶಾಲೆಯ ಮಕ್ಕಳ ಹಾಗೆ ನಿಲ್ಲುವುದು. "ಆತೇನು?" ಎಂದು ಗೋಡೆಗೇ ಕೇಳುವುದು. ನಾವು ಆಯಿತು ಎಂದ ಮೇಲೆಯೇ ತಿರುಗುವುದು. ಮೊದಮೊದಲು ನಮಗೆಲ್ಲ ಇದು ನಗೆಯ ವಿಷಯವಾಗಿತ್ತು.

ಇನ್ನೊಂದು ನೇಮವಿತ್ತು. ಕೆಲಸ ಬಿಟ್ಟು ಹೋದವರ ಖಾತೆಯನ್ನು ಅವರು ಅಳಿಸುತ್ತಿರಲಿಲ್ಲ, ಕೀಲಿ ಹಾಕುತ್ತಿದ್ದರು. ಕೀಲಿ ಹಾಕಿದರೆ ಆ ಮನುಷ್ಯ ಒಳಗೆ ಬರುವಂತಿಲ್ಲ, ಆದರೆ ಅವನು ಮಾಡಿದ ಕೆಲಸದ ಮೇಲೆ ಅವನ ಹೆಸರು ಹಾಗೆಯೇ ಇರುತ್ತದೆ. ಪ್ರತಿಯೊಬ್ಬರ ಹೆಸರು, ನಂಬರು, ಖಾತೆ ತೆರೆದ ದಿನ, ಕೀಲಿ ಹಾಕಿದ ದಿನ, ಇಷ್ಟನ್ನೂ ರಟ್ಟಿನ ನೋಟ್‌ಬುಕ್ಕಿನಲ್ಲಿ ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಬರೆದಿಡುತ್ತಿದ್ದರು. ಪಾಸ್‌ವರ್ಡ್ ಮಾತ್ರ ಅದರಲ್ಲಿ ಒಂದೂ ಇರಲಿಲ್ಲ. ನಂಬರು ಏಕೆ ಎಂದು ಕೇಳಿದ್ದಕ್ಕೆ, ಹೆಸರು ನಮ್ಮ ಸಲುವಾಗಿ ಇರುವುದು, ಕಂಪ್ಯೂಟರಿಗೆ ಗೊತ್ತಿರುವುದು ನಂಬರು ಮಾತ್ರ ಎಂದಿದ್ದರು. ಖಾತೆ ಅಳಿಸಿಬಿಟ್ಟರೆ ಆ ಮನುಷ್ಯನ ಫೈಲುಗಳ ಮೇಲೆ ಬರೀ ನಂಬರು ಉಳಿಯುತ್ತದಂತೆ. "ಮನಷ್ಯಾ ಹೋದ್ರೂ ಅವನ ಕೆಲಸ ಇಲ್ಲೇ ಇರ್ತದ. ಕೆಲಸಕ್ಕ ಒಂದು ಹೆಸರು ಬೇಕಲ್ಲ?"

ಇನ್ನು ನನ್ನ ಮಾತು. ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಆ ಲ್ಯಾಬಿನದೇ ಒಂದು ಸಣ್ಣ ಕೋಣೆ ಇತ್ತು. ಬೆಳಿಗ್ಗೆ ಅಲ್ಲಿ ರಕ್ತ ತೆಗೆದು, ಮಧ್ಯಾಹ್ನದ ಬಸ್ಸಿನಲ್ಲಿ ಐಸ್ ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಲಬುರಗಿಗೆ ತಂದು ಕೊಡುವುದು ನನ್ನ ಕೆಲಸ. ಎರಡು ವರ್ಷ ಹಾಗೆ ಮಾಡಿದೆ. ನೇಮಕದ ಕಾಗದ ಗೀಗದ ಏನೂ ಇರಲಿಲ್ಲ. ಆಮೇಲೆ ಲ್ಯಾಬಿನಲ್ಲಿ ರಿಪೋರ್ಟು ಟೈಪ್ ಮಾಡುತ್ತಿದ್ದವನು ಹೇಳದೆ ಕೇಳದೆ ಸೊಲ್ಲಾಪುರದ ಕಡೆ ಬೇರೆ ಕೆಲಸಕ್ಕೆ ಹೋದ. ಮಾಲೀಕರು ನನ್ನನ್ನೇ ಆ ಕುರ್ಚಿಯಲ್ಲಿ ಕೂರಿಸಿದರು.

ಆವತ್ತು ಆಪಾ ನನ್ನ ಹೆಸರಿನಲ್ಲಿ ಖಾತೆ ತೆರೆದು, ಪಾಸ್‌ವರ್ಡ್ ಒತ್ತು ಎಂದು ಹೇಳಿ ಗೋಡೆಗೆ ತಿರುಗಿದರು. ನಾನು ಒತ್ತಿದೆ. ಪರದೆಯ ಮೇಲೆ ಏನೂ ಬರಲಿಲ್ಲ. ಅಕ್ಷರ ಹೋಗಲಿ, ಒಂದು ಚುಕ್ಕೆಯೂ ಇಲ್ಲ. ಕೀಬೋರ್ಡ್ ಕೆಟ್ಟಿದೆ ಎಂದು ನಾನು ಗದ್ದಲ ಹಚ್ಚಿದೆ. ಅವರು ತಿರುಗದೆಯೇ ಹೇಳಿದರು. "ಕಾಣಂಗಿಲ್ಲ. ಕಾಣಲಿಲ್ಲಂದ್ರ ಏನಾತು, ಒಳಗ ಹೋಗಾಕತ್ತದ. ನೀ ಒತ್ತು."

ನಮ್ಮ ಎದುರುಮನೆಯಲ್ಲಿ ಒಬ್ಬ ವೆಲ್ಡಿಂಗ್ ಕೆಲಸದವನು ಇದ್ದ. ಗೇಟು, ಕಿಟಕಿ ಮಾಡುವ ಅಂಗಡಿ ಅವನದು. ಅವನ ಹೆಂಡತಿ ಚಿಕ್ಕ ವಯಸ್ಸಿನವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು, ಅವಳನ್ನು ನೋಡಿ ಅವನೂ ಅಕ್ಕಾ ಎನ್ನುತ್ತಿದ್ದ. ನಾನಿನ್ನೂ ರಕ್ತ ಹೊತ್ತು ತಿರುಗುತ್ತಿದ್ದ ಕಾಲದ ಕೊನೆಯ ವಾರ ಆಕೆ ಪರೀಕ್ಷೆಗೆ ಬಂದಿದ್ದಳು. ಏಳು ತಿಂಗಳ ಬಸುರಿ. ಸೂಜಿ ಎಂದರೆ ಜೀವ ಬಿಡುವವಳು. ಮುಖ ಆ ಕಡೆ ತಿರುಗಿಸಿಕೊಂಡು ಆತೇನಕ್ಕಾ, ಆತೇನಕ್ಕಾ ಎಂದು ಕೇಳುತ್ತಲೇ ಇದ್ದಳು. ಆ ರಕ್ತವನ್ನು ತೆಗೆದವಳು ನಾನು, ತೊಡೆಯ ಮೇಲಿಟ್ಟುಕೊಂಡು ಕಲಬುರಗಿಗೆ ತಂದವಳು ನಾನು. ಅದರಾಚೆಗೆ ನಾನು ಅದನ್ನು ಮುಟ್ಟಿರಲಿಲ್ಲ.

ಯಂತ್ರ ತೋರಿಸಿದ ಹಿಮೋಗ್ಲೋಬಿನ್ ಆರು ಪಾಯಿಂಟ್ ಒಂಬತ್ತು. ಅಷ್ಟು ಕಡಿಮೆ ರಕ್ತವಿದ್ದ ಬಸುರಿಯನ್ನು ಆಸ್ಪತ್ರೆಗೆ ಸೇರಿಸಿ ರಕ್ತ ಕೊಡಬೇಕು. ರಿಪೋರ್ಟಿನಲ್ಲಿ ಟೈಪಾಗಿದ್ದು ಒಂಬತ್ತು ಪಾಯಿಂಟ್ ಆರು. ಅಂಕಿಗಳೆರಡು ಜಾಗ ಬದಲಿಸಿದ್ದವು, ಅಷ್ಟೆ. ವೈದ್ಯರು ಅದನ್ನು ನೋಡಿ ಕಬ್ಬಿಣದ ಗುಳಿಗೆ ಬರೆದು ಕಳಿಸಿದರು. ಎರಡು ತಿಂಗಳಿಗೆ ಹೆರಿಗೆಯಾಯಿತು, ರಕ್ತ ನಿಲ್ಲಲಿಲ್ಲ, ಕಲಬುರಗಿಗೆ ತರುವ ದಾರಿಯಲ್ಲೇ ಆಕೆ ಹೋದಳು. ಕೂಸು ಉಳಿಯಿತು. ಮಣ್ಣಿಗೆ ಹೋಗಿ ಬಂದ ದಿನ ಅವನು ನಮ್ಮ ಕಟ್ಟೆಯ ಮೇಲೆ ಕೂತು, ಅಕ್ಕಾ, ನಿನ್ನೆ ತನಕ ಆಕಿ ನಗ್ತಿದ್ಳು ಎಂದು ಅತ್ತಿದ್ದ.

ಸಂಕಟ ಶುರುವಾಗಿದ್ದು ಅದಾಗಿ ಮೂರು ತಿಂಗಳ ಮೇಲೆ. ಹಳೆಯ ಕಾಗದಗಳೆಲ್ಲ ಆಸ್ಪತ್ರೆಯ ಫೈಲಿನಲ್ಲಿ ಹೋಗಿಬಿಟ್ಟಿದ್ದವು. ದೂರು ಕೊಡಬೇಕೆಂದು ಅವನು ಲ್ಯಾಬಿಗೆ ಬಂದು ರಿಪೋರ್ಟಿನ ಇನ್ನೊಂದು ಪ್ರತಿ ತೆಗೆಸಿಕೊಂಡ. ರಿಜಿಸ್ಟರಿನಲ್ಲಿ ಅಂಟಿಸಿದ್ದ ಯಂತ್ರದ ಚೀಟಿಯನ್ನೂ ತೋರಿಸಿರೆಂದು ಪಟ್ಟು ಹಿಡಿದು ನೋಡಿದ. ಚೀಟಿಯಲ್ಲಿ ಒಂದು ಅಂಕಿ, ಕಾಗದದಲ್ಲಿ ಇನ್ನೊಂದು. ಆ ಕಾಗದದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿದವರ ಹೆಸರು ಇರುತ್ತದೆ. ಅಲ್ಲಿದ್ದುದು ನನ್ನ ಹೆಸರು.

ಅವನು ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ. ನಾನಲ್ಲ, ಆಗ ನಾನು ಈ ಕುರ್ಚಿಯಲ್ಲೇ ಇರಲಿಲ್ಲ ಎಂದು ಕೂಗಾಡಿದೆ. ಮಾಲೀಕರು ಒಳಗಿನಿಂದ ಬಂದರು. ದಿನಾ ಮಧ್ಯಾಹ್ನ ನೀವು ಇಲ್ಲೇ ಇರುತ್ತಿದ್ದಿರಲ್ಲ, ಯಾವತ್ತೋ ಕೂತಿರುತ್ತೀರಿ ಎಂದರು. ನಾನು ಟೈಪ್ ಮಾಡಲು ಶುರು ಮಾಡಿದ ದಿನ ಯಾವುದೆಂದು ಯಾರಿಗೂ ಸರಿಯಾಗಿ ನೆನಪಿರಲಿಲ್ಲ, ನನಗೂ ಇರಲಿಲ್ಲ, ಆಪಾ ಅವರ ನೋಟ್‌ಬುಕ್ ತೆರೆಸಬೇಕೆಂದು ಆಗ ಯಾರಿಗೂ ಹೊಳೆಯಲಿಲ್ಲ. ಹದಿನೈದು ದಿನ ಹಿಂದೆ ಮುಂದೆ ಎಂದು ಯಾರನ್ನು ನಂಬಿಸುವುದು? ಮಾಲೀಕರು ಆಪಾ ಅವರ ಕಡೆ ತಿರುಗಿ, ಒಳಗೇನಿದೆ ನೋಡಿ ಹೇಳಿರಿ ಎಂದರು.

ಆಪಾ ನೋಡಿದರು. ಟಕಟಕ, ನಡುವೆ ಒಂದು ಪೆಟ್ಟು ಮಾಯ, ಮತ್ತೆ ಟಕಟಕ. ಆಮೇಲೆ ನನ್ನ ಮುಖ ನೋಡದೆ, "ಫೈಲಿನ ಮ್ಯಾಲೆ ಈಕಿ ಹೆಸರೇ ಅದ" ಎಂದರು.

ಇದನ್ನು ನಾನು ಮುಚ್ಚಿಡುವುದಿಲ್ಲ. ಆ ಗಳಿಗೆಯಲ್ಲಿ ಆ ಹೆಂಗಸು ಸತ್ತು ಹೋಗಲಿ ಅನ್ನಿಸಿತು ನನಗೆ. ನನ್ನನ್ನು ಅಷ್ಟು ಬಲ್ಲವರು ನನ್ನ ಮಾತಿಗಿಂತ ಯಂತ್ರದ ಮಾತನ್ನು ದೊಡ್ಡದು ಮಾಡಿದರಲ್ಲ. ಆವತ್ತೇ ನನ್ನ ಕೆಲಸ ಹೋಯಿತು.

ಕೆಲಸ ಹೋದದ್ದು ದೊಡ್ಡದಲ್ಲ. ಕಮಲಾಪುರದಲ್ಲಿ ನಾನು ಹುಟ್ಟಿ ಬೆಳೆದು ಅದೇ ಊರಿಗೆ ಸೊಸೆಯಾದವಳು. ನಲ್ಲಿಯ ಹತ್ತಿರ ನಾನು ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಎತ್ತಿಕೊಂಡು ಒಂದು ಹೆಜ್ಜೆ ಸರಿಯುತ್ತಿದ್ದರು. ಯಾರೂ ಬೈಯಲಿಲ್ಲ, ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಎದುರುಮನೆಯವನು ಅಕ್ಕಾ ಎನ್ನುವುದು ಬಿಟ್ಟ. ಬಾಗಿಲಲ್ಲಿ ಎದುರಾದರೆ ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ದಾಟಿ ಹೋಗುತ್ತಿದ್ದ. ಒಂದು ದಿನ ಊಟಕ್ಕೆ ಕೂತಾಗ ನನ್ನ ಗಂಡ, ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಮೆತ್ತಗೆ ಕೇಳಿದ. "ಖರೇ ಹೇಳು. ನೀ ಟೈಪ್ ಮಾಡಿದ್ಯೇನು?" ನಾನು ಇನ್ನೊಂದು ರೊಟ್ಟಿ ತರುವ ನೆಪದಲ್ಲಿ ಎದ್ದು ಹೋದೆ. ಏಕೆಂದರೆ ಅಷ್ಟರಲ್ಲಿ ನನಗೇ ಅನುಮಾನ ಶುರುವಾಗಿತ್ತು. ಯಾವತ್ತೋ ಆ ಟೈಪಿಸ್ಟ್ ಚಹಾಕ್ಕೆ ಎದ್ದು ಹೋದಾಗ ನಾನು ಕೂತಿದ್ದೆನೇ? ಕೂತು ಒಂಬತ್ತು, ಆರು ಎಂದು ಒತ್ತಿದ್ದೆನೇ? ಕನಸಿನಲ್ಲಿ ಆ ಕೀಲಿಗಳನ್ನು ಒತ್ತುವ ನನ್ನ ಬೆರಳುಗಳೇ ಕಾಣುತ್ತಿದ್ದವು.

ಕೆಲಸ ಹೋದ ಎಂಟನೆಯ ದಿನ ಮಧ್ಯಾಹ್ನ, ನಾನು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕೂತಿದ್ದೆ. ಬೂದು ಬುರ್ಖಾ ನಮ್ಮ ಬಾಗಿಲಲ್ಲಿ ನಿಂತಿತು. ಆಪಾ ಅದಕ್ಕೆ ಮುಂಚೆ ಎಂದೂ ಕಮಲಾಪುರಕ್ಕೆ ಬಂದವರಲ್ಲ. ಬಸ್ಸಿನಿಂದ ಇಳಿದು ಕೇಳುತ್ತ ಕೇಳುತ್ತ ಬಂದಿದ್ದರು, ಮುಖವೆಲ್ಲ ಬೆವರು. ಒಳಗೆ ಬರ್ರಿ ಎಂದು ನಾನು ಕರೆಯಲಿಲ್ಲ. ಅವರೂ ಕಾಯಲಿಲ್ಲ. ಹೊಸ್ತಿಲಲ್ಲೇ ನಿಂತು ಚೀಲದಿಂದ ರಟ್ಟಿನ ನೋಟ್‌ಬುಕ್ ತೆಗೆದರು.

ಆದದ್ದು ಇಷ್ಟು. ಕೆಲಸ ಬಿಟ್ಟವರ ಖಾತೆಗೆ ಕೀಲಿ ಹಾಕಿ ಆ ದಿನವನ್ನು ಬರೆದಿಡಬೇಕಲ್ಲ, ಅದಕ್ಕಾಗಿ ಆವತ್ತು ಬೆಳಿಗ್ಗೆ ನನ್ನ ಹೆಸರಿನ ಸಾಲನ್ನು ಹುಡುಕಿದ್ದಾರೆ. ನನ್ನ ನಂಬರು ಸಾವಿರದ ಏಳು. ಅದರ ಮೇಲಿನ ಸಾಲು ಸೊಲ್ಲಾಪುರಕ್ಕೆ ಹೋದ ಟೈಪಿಸ್ಟಿನದು. ಅವನ ನಂಬರೂ ಸಾವಿರದ ಏಳು. ಆಪಾ ಅವನ ಖಾತೆಗೆ ಕೀಲಿ ಹಾಕಿರಲಿಲ್ಲ, ಅಳಿಸಿಬಿಟ್ಟಿದ್ದರು. ಪಟ್ಟಿಯಲ್ಲಿ ಕೊನೆಯವನು ಅವನೇ ಆಗಿದ್ದರಿಂದ ಖಾಲಿಯಾದ ಅವನ ನಂಬರನ್ನು ಕಂಪ್ಯೂಟರ್ ಮರುದಿನ ಬಂದ ನನಗೆ ಕೊಟ್ಟಿತ್ತು. ಅವನು ಟೈಪ್ ಮಾಡಿದ ಅಷ್ಟೂ ರಿಪೋರ್ಟುಗಳು ಆವತ್ತಿನಿಂದ ನನ್ನ ಹೆಸರಿಗೆ ಬಂದುಬಿಟ್ಟಿದ್ದವು. ಕಾಗದದ ಕೆಳಗೆ ಹೆಸರು ಅಚ್ಚಾಗುವ ಏರ್ಪಾಟನ್ನು ಮಾಡಿದವರೂ ಆಪಾ ಅವರೇ. ನಂಬರು ನೋಡು, ಈಗ ಅದು ಯಾರದೋ ಅವರ ಹೆಸರು ಹಾಕು ಎಂದಷ್ಟೇ ಅದಕ್ಕೆ ಹೇಳಿದ್ದರು.

ಬೆಳಿಗ್ಗೆ ಮೊದಲು ಮಾಲೀಕರಿಗೇ ಹೇಳಿದ್ದರಂತೆ. ಲ್ಯಾಬಿನ ಕಂಪ್ಯೂಟರ್ ತಪ್ಪು ಹೆಸರು ಅಚ್ಚು ಹಾಕುತ್ತದೆ ಎಂದು ಗೊತ್ತಾದರೆ ಯಾವ ವೈದ್ಯರು ನಮ್ಮ ರಿಪೋರ್ಟ್ ನಂಬುತ್ತಾರೆ, ಹೇಗೂ ಅವಳನ್ನು ತೆಗೆದಾಗಿದೆ, ಸುಮ್ಮನಿರಿ ಎಂದರಂತೆ ಅವರು. ಆಪಾ ಊಟದ ಡಬ್ಬಿಯನ್ನೂ ಬಿಚ್ಚದೆ ಬಸ್ಸು ಹತ್ತಿದ್ದರು.

ಹೆಂಡತಿಯನ್ನು ಕಳೆದುಕೊಂಡವನ ಮನೆಗೆ ಕರೆದುಕೊಂಡು ಹೋಗು ಎಂದರು. ಎದುರುಮನೆಯೇ ಎಂದು ನಾನು ಕೈ ತೋರಿಸಿದೆ. ಅವನು ಅಂಗಡಿಯಲ್ಲಿದ್ದ, ಹೇಳಿ ಕಳಿಸಿದೆವು, ಕೈಯಲ್ಲಿ ಕಪ್ಪು ಕನ್ನಡಕ ಹಿಡಿದುಕೊಂಡೇ ಬಂದ. ನಮ್ಮ ಓಣಿಯ ಬುದ್ಧ ವಿಹಾರದ ಮೆಟ್ಟಿಲ ಮೇಲೆ ಕೂತೆವು. ಯಾರಿದು ಎಂದು ನಾಲ್ಕಾರು ಹೆಂಗಸರು ಬಂದು ನಿಂತರು. ಆಪಾ ನೋಟ್‌ಬುಕ್ ತೆರೆದು ಎರಡು ಸಾಲಿನ ಮೇಲೆ ಆ ಉಗುರಿಲ್ಲದ ಬೆರಳನ್ನಿಟ್ಟು, ಮೊದಲು ಉರ್ದುವಿನಲ್ಲಿ ಓದಿ ಆಮೇಲೆ ಕನ್ನಡದಲ್ಲಿ ಹೇಳಿದರು.

"ಈ ನಂಬರ್ ನಾ ಇಬ್ಬರಿಗೆ ಕೊಟ್ಟೀನಿ. ಮೊದಲ ಅವಗ, ಆಮ್ಯಾಲ ಈಕಿಗೆ. ನಿನ್ನ ಹೆಂಡ್ತಿ ರಿಪೋರ್ಟ್ ಈಕಿ ಮುಟ್ಟಿಲ್ಲ. ಈಕಿ ಹೆಸರು ಬಂದದ್ದು ನನ್ನ ಗಲತಿ."

ಉಳಿದವರ ಖಾತೆಗೆಲ್ಲ ಕೀಲಿ ಹಾಕುವ ತಮ್ಮ ನೇಮವನ್ನೂ, ಆ ಟೈಪಿಸ್ಟಿನದನ್ನು ಮಾತ್ರ ಅಳಿಸಿದ್ದನ್ನೂ ಬಿಡಿಸಿ ಹೇಳಿದರು. ಯಾರನ್ನೂ ಅಳಿಸುವುದಿಲ್ಲ ಎನ್ನುತ್ತೀರಿ, ಮತ್ತೆ ಅವನನ್ನೊಬ್ಬನನ್ನೇ ಏಕೆ ಅಳಿಸಿದಿರಿ ಎಂದು ಅವನು ಕೇಳಿದ. ಇದನ್ನು ಕೇಳುತ್ತಾನೆಂದು ನಾನು ಎಣಿಸಿರಲಿಲ್ಲ. ಮಾಲೀಕರು ಹೇಳಿದರು ಎಂದು ಆಪಾ ಅಂದಿದ್ದರೆ ಸಾಕಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ತೆಗೆದುಹಾಕಿರಿ ಎಂದು ಅವರು ಹೇಳಿದ್ದು ನಿಜವೇ.

"ಅವ ನನ್ನ ಬೆರಳಿಗೆ ನಗ್ತಿದ್ದ. ನನ್ನ ಹಾಂಗ ಬೆರಳ ಮಡಿಚಿ ಟೈಪ್ ಮಾಡಿ ಮಂದೀಗಿ ತೋರಿಸ್ತಿದ್ದ. ಕೀಲಿ ಹಾಕಬಹುದಿತ್ತು. ಸಿಟ್ಟಿತ್ತು, ಅಳಿಸಿದೆ. ಅಳಿಸಿದಾಗ ನನಗ ಖುಷಿ ಆತು." ಅವರು ನೋಟ್‌ಬುಕ್ ಮುಚ್ಚಿದರು. "ಆ ಖುಷಿ ಈಕಿ ಕೊರಳಿಗೆ ಬಂತು."

ಅವನು ಎದ್ದು ತನ್ನ ಮನೆಯೊಳಗೆ ಹೋದ. ಹೋಗಿಯೇ ಬಿಟ್ಟ ಎಂದುಕೊಂಡೆ. ಮರಳಿ ಬಂದಾಗ ಕೈಯಲ್ಲಿ ಆ ರಿಪೋರ್ಟು ಮತ್ತು ಒಂದು ಪೆನ್ನು ಇತ್ತು. ಈಗ ಹೇಳಿದ್ದನ್ನು ಇದರ ಮೇಲೆ ಬರೆದು ಕೊಡಿರಿ ಎಂದ. ಇದನ್ನು ಬರೆದರೆ ಏನಾಗುತ್ತದೆಂದು ಮೆಟ್ಟಿಲ ಮೇಲೆ ನಿಂತಿದ್ದ ಹೆಂಗಸರಿಗೂ ತಿಳಿಯಿತು. ಬಾಯಿಮಾತಿಗೆ ಲ್ಯಾಬಿನವರು ಅಲ್ಲ ಎನ್ನಬಹುದು, ಬರಹಕ್ಕೆ ಎನ್ನಲಾಗದು. ಆಪಾ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡರು. ಮಾತಿನಲ್ಲಿ ಅಷ್ಟು ಸ್ಪಷ್ಟವಾಗಿದ್ದ ಅವರ ಕನ್ನಡ ಬರಹದಲ್ಲಿ ಒಂದನೆಯ ಇಯತ್ತೆಯ ಮಗುವಿನದು. ಒತ್ತು ಕೊಡುವಲ್ಲಿ ತಡೆದು ನನ್ನನ್ನೇ ಕೇಳಿದರು. ನನ್ನ ಹೆಸರಿನ ಮೇಲೆ ಅಡ್ಡಗೆರೆ ಎಳೆದು, ಇದು ಈಕೆಯಲ್ಲ, ತಪ್ಪು ನನ್ನದು ಎಂದು ನಾಲ್ಕು ಸಾಲು ಬರೆದು, ಕೆಳಗೆ ತಮ್ಮ ಪೂರ್ತಿ ಹೆಸರು ಹಾಕಿದರು. ಅವರ ಪೂರ್ತಿ ಹೆಸರನ್ನು ನಾನು ನೋಡಿದ್ದು ಅದೇ ಮೊದಲು.

ಅವನು ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಇವ್ರಿಗೆ ನೀರ್ ಕೊಡು. ಬಿಸಲಾಗ ಬಂದಾರ" ಎಂದ.

ಅಕ್ಕಾ. ಮೂರು ಅಕ್ಷರವೂ ಇಲ್ಲದ ಮಾತು. ನಾನು ಮನೆಯೊಳಗೆ ಹೋಗಿ ತಂಬಿಗೆ ತುಂಬಲು ಬಗ್ಗಿದವಳು ಅಲ್ಲೇ ಕೂತು ಅತ್ತೆ.

ಆಪಾ ಅವರನ್ನು ಲ್ಯಾಬಿನಿಂದ ತೆಗೆದರು. ದೂರಿನ ಜೊತೆ ಆ ಕಾಗದ ಹೋದದ್ದು ಗೊತ್ತಾದ ದಿನವೇ. ತೆಗೆದದ್ದು ಸಾಲದೆಂದು ಮಾಲೀಕರು, ಆ ಹೆಂಗಸಿಗೆ ಎಲ್ಲರ ಪಾಸ್‌ವರ್ಡೂ ಗೊತ್ತು, ಒಳಗಿನದನ್ನು ಹೊರಗೆ ಮಾರುತ್ತಾಳೆ ಎಂದು ಸೇಡಂ ರಸ್ತೆಯ ಉದ್ದಕ್ಕೂ ಹಬ್ಬಿಸಿದರು. ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದವರ ಮೇಲೆ ಈ ಮಾತು. ಮತ್ತೆ ಯಾವ ಲ್ಯಾಬಿನವರೂ, ಆಸ್ಪತ್ರೆಯವರೂ ಅವರನ್ನು ಕರೆಯಲಿಲ್ಲ. ಅವರು ಹೊಲಿಗೆ ಯಂತ್ರದ ಧೂಳು ಒರೆಸಿದರು.

ಇನ್ನು ನನ್ನ ಹೇಡಿತನ. ತಿಂಗಳೊಪ್ಪತ್ತಿನಲ್ಲಿ ಮಾಲೀಕರು ನನ್ನನ್ನು ಮತ್ತೆ ಕರೆದರು. ನನ್ನ ಬಾಯಿ ಮುಚ್ಚಿಸಲಿಕ್ಕೆ ಎಂದು ನನಗೂ ಗೊತ್ತಿತ್ತು. ನೇಮಕದ ಕಾಗದ ಕೊಡುತ್ತೇನೆ, 'ಆಕಿ' ಮಾಡುತ್ತಿದ್ದ ಕೆಲಸವನ್ನೂ ನೀವೇ ನೋಡಿಕೊಳ್ಳಿ ಎಂದರು. ಹೋಗಬಾರದಿತ್ತು. ಮನೆಯ ಗತಿ ಹಾಗಿತ್ತು ಎಂದು ಹೇಳಿಕೊಳ್ಳಬಹುದು, ಆದರೆ ಗತಿ ಆಪಾ ಅವರ ಮನೆಯದೂ ಹಾಗೆಯೇ ಇತ್ತು. ಹೋದೆ. ಆಪಾ ಅವರ ಕುರ್ಚಿಯಲ್ಲಿ ಕೂತೆ. ನನಗೆ ಹಚ್ಚಿದ ಮೊದಲ ಕೆಲಸವೇ ಅವರ ಖಾತೆಯನ್ನು ಅಳಿಸುವುದು.

ಅದು ನನಗೆ ಬರುತ್ತಿರಲಿಲ್ಲ. ರವಿವಾರ ಅವರ ಮನೆಗೆ ಹೋಗಿ, ತಲೆ ಎತ್ತದೆ ಎಲ್ಲವನ್ನೂ ಹೇಳಿದೆ. ಅವರು ಹೊಲಿಯುತ್ತಿದ್ದ ಬಟ್ಟೆಯನ್ನು ಬದಿಗಿಟ್ಟು, ತಮ್ಮ ಹಳೆಯ ಲ್ಯಾಪ್‌ಟಾಪ್ ತೆಗೆದು ಮುಂದಿಟ್ಟರು. ತಮ್ಮ ಕೈತಪ್ಪಿದ ಕೆಲಸವನ್ನು, ಅದನ್ನು ತೆಗೆದುಕೊಂಡವಳಿಗೇ ಅವರು ಒಂದು ವರ್ಷದ ರವಿವಾರಗಳಲ್ಲಿ ಕಲಿಸಿದರು. ಖಾತೆ ತೆರೆಯುವುದು, ಕೀಲಿ ಹಾಕುವುದು, ಒಬ್ಬರನ್ನು ಹೊಸ ಗುಂಪಿಗೆ ಸೇರಿಸುವ ಭರದಲ್ಲಿ ಹಳೆಯ ಗುಂಪಿನಿಂದ ಹೊರಗೆ ಹಾಕಿಬಿಡದೆ ಇರುವುದು, ಪಾಸ್‌ವರ್ಡ್ ಕಳೆದುಹೋದ ಯಂತ್ರವನ್ನು ಅರ್ಧ ನಿದ್ದೆಯಲ್ಲಿ ಹಿಡಿಯುವುದು. ಮೊದಲು ಮಾಡಿಸಿದ್ದು ನಂಬರು ಸರಿಪಡಿಸುವುದನ್ನು. ನನಗೆ ಬೇರೆ ನಂಬರು ಕೊಟ್ಟು, ಸಾವಿರದ ಏಳನ್ನು ಅದರ ಹಳೆಯ ಒಡೆಯನ ಹೆಸರಿಗೆ ತಿರುಗಿಸಿ ಕೀಲಿ ಹಾಕಿದೆ. ಆಪಾ ಅವರ ಖಾತೆಯನ್ನು ಅಳಿಸಿದೆ ಎಂದು ಮಾಲೀಕರಿಗೆ ಹೇಳಿ, ಅಳಿಸಲಿಲ್ಲ, ಅದಕ್ಕೂ ಕೀಲಿ ಹಾಕಿದೆ. ಇದನ್ನು ಹೇಳಿದಾಗ ಆಪಾ ಸೂಜಿಗೆ ದಾರ ಪೋಣಿಸುತ್ತ, ಕಮಲಾಪುರದಾಕಿಗೂ ಸುಳ್ಳು ಹೇಳಲಿಕ್ಕೆ ಬಂತು ಎಂದು ನಕ್ಕರು. ಅವರು ನನ್ನ ಮುಂದೆ ಮನಸ್ಸು ಬಿಚ್ಚಿ ನಕ್ಕದ್ದು ಅದೇ ಕೊನೆ.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಯಂತ್ರ ತುಳಿಯುವ ಕಾಲಿನಲ್ಲಿ ಗಾಯವಾಗಿ ಮಾಯಲಿಲ್ಲ, ಆಮೇಲೆ ಮೂತ್ರಪಿಂಡ ಸೋತಿತು. ಆಸ್ಪತ್ರೆಯವರು ಅವರ ರಕ್ತವನ್ನು ಕಳಿಸಿದ್ದು ನಮ್ಮ ಲ್ಯಾಬಿಗೇ. ಚೀಟಿಯ ಅಂಕಿಗಳನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇನ್ನು ಬಹಳ ದಿನವಿಲ್ಲ. ಒಂದೊಂದು ಅಂಕಿಯನ್ನೂ ಮೂರು ಸಲ ಒರೆಹಚ್ಚಿ ನಾನೇ ಟೈಪ್ ಮಾಡಿದೆ. ಕಾಗದದ ಕೆಳಗೆ ನನ್ನ ಹೆಸರು ಬಂತು. ಈ ಸಲ ಅದು ಸರಿಯಾಗಿತ್ತು.

ತೀರಿಕೊಂಡ ಹದಿನೈದು ದಿನಕ್ಕೆ ಅವರ ಅಕ್ಕನ ಮಗಳು ಆ ಲ್ಯಾಪ್‌ಟಾಪನ್ನು ನಮ್ಮ ಮನೆಗೆ ತಂದಳು. ಬಿ.ಎ. ಮುಗಿಸಿದ ಹುಡುಗಿ. ಖಾಲಾ, ಅಂದರೆ ಚಿಕ್ಕಮ್ಮ, ಅವರ ಫೋಟೋಗಳೆಲ್ಲ ಅದರಲ್ಲಿವೆ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಖಾಲಾ ಹುಟ್ಟಿದ ವರ್ಷ, ತನ್ನ ಹೆಸರು, ಎಲ್ಲವನ್ನೂ ಒತ್ತಿ ನೋಡಿದೆ ಎಂದಳು. ಹಳೆಯದು ಹೇಗಾದರೂ ಸಿಗುತ್ತದೆಯೇ ಎಂದು ಕೇಳಿದಳು. ಸಿಗುವುದಿಲ್ಲ, ಹೊಸದು ಇಡಬಹುದು ಎಂದೆ. ಹೊಸದನ್ನು ಇಟ್ಟ ಕ್ಷಣಕ್ಕೆ ಆಪಾ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಆ ಒಂದು ಮಾತು ಲೋಕದಿಂದಲೇ ಹೋಗುತ್ತದೆ.

ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದೆ. ಅದು ಏಳುತ್ತಿರುವಾಗಲೇ ತಡೆದು, ಕಲಿತಿದ್ದ ಆ ಸಾಲನ್ನು ಸೇರಿಸಿದೆ. ಒಳಗೆ ಬಿಟ್ಟಿತು. ಹೆಸರುಗಳ ಪಟ್ಟಿ ತೆರೆದೆ: ಆಪಾ, ಅಕ್ಕನ ಮಗಳು, ರವಿವಾರದ ಪಾಠಕ್ಕೆಂದು ನನಗೆ ತೆರೆದುಕೊಟ್ಟಿದ್ದ ಖಾತೆ. ನನ್ನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಕಮಲಾಪುರದಾಕಿ' ಎಂದು ಬರೆದಿದ್ದರು. ಎದುರಿಗೆ ನಂಬರು, ಇನ್ನಾರದೂ ಅಲ್ಲದ್ದು.

ಆಪಾ ಅವರ ಖಾತೆಗೆ ಹೊಸ ಪಾಸ್‌ವರ್ಡ್ ಕೇಳುವಲ್ಲಿಗೆ ತಂದು ನಿಲ್ಲಿಸಿ, ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿದೆ. ನಿನಗೆ ಬೇಕಾದ್ದು ಒತ್ತು ಎಂದು ಹೇಳಿ, ಎದ್ದು ಗೋಡೆಗೆ ಮುಖ ಮಾಡಿ ನಿಂತೆ. ಸುಣ್ಣ ಬಳಿದ ಖಾಲಿ ಗೋಡೆ. ಹಿಂದಿನಿಂದ ಟಕಟಕ ಸದ್ದು ಬಂತು, ಒಂದು ಪೆಟ್ಟೂ ತಪ್ಪದೆ, ಎಲ್ಲ ಬೆರಳುಗಳದೂ. ಆಸ್ಪತ್ರೆಯಲ್ಲಿ, ಕಬರಸ್ತಾನದ ಹೊರಗೆ ನಿಂತಿದ್ದಾಗ ಬಾರದ ಅಳು ಆಗ ಬಂತು.

"ಅಕ್ಕಾ, ಏನೂ ಕಾಣವಲ್ದು" ಎಂದಳು ಹುಡುಗಿ.

"ಕಾಣಂಗಿಲ್ಲವ್ವ" ಎಂದೆ, ತಿರುಗದೆ. "ಒಳಗ ಹೋಗಾಕತ್ತದ. ನೀ ಒತ್ತು."